ಎಲ್ಲರಿಗೂ ತುಂಬು ತೋಳು

ಗೆಳೆಯರೇ, ಇವತ್ತು ಕುಶಾಲನಗರದ ಕಲ್ಯಾಣಮಂಟಪದಲ್ಲಿ ನಮ್ಮ ಬ್ಯಾಲೆ ನೋಡಿದವರೆಲ್ಲ ಹೊಗಳಿ ಮೆಸೇಜ್ ಹಾಕುತ್ತಿದ್ದೀರಿ. ವೇದಿಕೆಯ ಹಿಂದೆ ಆದದ್ದನ್ನೂ ಓದಿ. ನಿಮಗಷ್ಟೇ ಕಾಣುವಂತೆ ಹಾಕಿದ್ದೇನೆ, ದಯವಿಟ್ಟು ಶೇರ್ ಮಾಡಬೇಡಿ.

ನಾವು ನಲವತ್ತು ದಾಟಿದ ಮೇಲೆ ಬ್ಯಾಲೆ ಕಲಿಯಲು ಹೊರಟ ಹೆಂಗಸರು. ಕ್ಲಾಸಿನಲ್ಲಿ ಯಾರಾದರೂ ಬಿದ್ದರೆ ಮಿಕ್ಕವರು ಚಪ್ಪಾಳೆ ತಟ್ಟಿ ಎಬ್ಬಿಸುತ್ತೇವೆ, ಅಷ್ಟು ಒಗ್ಗಟ್ಟು. ನಮ್ಮಲ್ಲೊಬ್ಬಳ ತೋಳಿನ ಮೇಲೆ ಆಗಾಗ ನೀಲಿ ಗುರುತು ಇರುತ್ತದೆ. ಕೇಳಿದರೆ "ಬಾಗಿಲು ತಾಗ್ತು" ಅನ್ನುತ್ತಾಳೆ. ಆ ಬಾಗಿಲಿಗೆ ಬೆರಳುಗಳಿರುವುದು ನಮಗೆಲ್ಲ ಗೊತ್ತು.

ಪ್ರದರ್ಶನಕ್ಕೆ ತೋಳಿಲ್ಲದ ಉಡುಪು ಅಂತ ಟೀಚರ್ ಅಂದಾಗ ಅವಳು ಬರುವುದಿಲ್ಲ ಎಂದಳು. ನಾವು ಪೊಲೀಸರ ಹತ್ತಿರ ಹೋಗಲಿಲ್ಲ, ಟೈಲರ್ ಹತ್ತಿರ ಹೋದೆವು. ಅವಳೊಬ್ಬಳೇ ಬೇರೆಯಾಗಿ ಕಾಣಬಾರದೆಂದು ಎಲ್ಲರಿಗೂ ಮಣಿಕಟ್ಟಿನವರೆಗೆ ತೋಳು ಇಡಿಸಿದೆವು. ಅವಳು ಅತ್ತಳು. ನಮ್ಮ ಒಳ್ಳೆಯತನಕ್ಕೆ ನಾವೂ ಅತ್ತೆವು.

ಇವತ್ತು ಕುಣಿತ ಮುಗಿಯುತ್ತಲೇ ಅವಳ ಗಂಡ ಲಾಡಿನ ಡಬ್ಬ ಹಿಡಿದು ಒಳಗೆ ಬಂದ. ಟೀಚರಿಗೆ ಕೈಮುಗಿದು, "ಮೇಡಂ, ಬ್ಯಾಲೆ ಅಂದ್ರೆ ಮೈಯೆಲ್ಲ ಕಾಣೋ ಡ್ರೆಸ್ ಹಾಕಿಸ್ತೀರೇನೋ ಅಂತ ಹೆದ್ರಿದ್ದೆ. ಫುಲ್ ತೋಳು ಇಡ್ಸಿ ನಮ್ಮನೆ ಮರ್ಯಾದೆ ಉಳಿಸಿದ್ರಿ" ಎಂದ.

ನಾನು ಬಾಯಿ ತೆರೆದೆ. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದು, "ಬೇಡ ಅಕ್ಕ. ನಾನು ಮನೆಗೆ ಹೋಗ್ಬೇಕು" ಎಂದಳು.

ಎಲ್ಲರೂ ಒಂದೊಂದು ಲಾಡು ತೆಗೆದುಕೊಂಡೆವು.

ಉಡುಪು ಅವಳಿಗೆಂದೇ ಹೊಲಿಸಿದ್ದೆವು. ಅಳತೆ ಅವನಿಗೆ ಸರಿಯಾಗಿ ಕೂತಿದೆ.