ಕಿತ್ತೂರಿನ ಬಯಲಲ್ಲಿ ಅಕ್ಷತೆ

ಪರದೇಶದ ಈ ಕ್ಯಾರಲ್ಟನ್ ಊರಿನಲ್ಲಿ ನಮ್ಮ ಹಿಂದಿನ ಬೀದಿಯ ಇರಣ್ಣ ಹಲ್ಲಿನ ಡಾಕ್ಟರು. ಹಗಲೆಲ್ಲ ಊರವರ ಹಲ್ಲು ಕೆರೆದು, ಸಂಜೆ ಅಂಥದೇ ಸಣ್ಣ ಉಪಕರಣ ಹಿಡಿದು ಗ್ಯಾರೇಜಿನಲ್ಲಿ ಹೆಬ್ಬೆರಳಿಗಿಂತ ಚಿಕ್ಕ ಪ್ಲಾಸ್ಟಿಕ್ ಸೈನಿಕರ ಮೂಗು ತಿದ್ದುತ್ತಿದ್ದರು. ಮೂರು ವರ್ಷದಿಂದ ಅಲ್ಲಿ ಒಂದು ಹಲಗೆಯ ಮೇಲೆ ಕಿತ್ತೂರಿನ ಕಾಳಗ ನಡೆದಿತ್ತು. ಕಾರು ಮಾತ್ರ ಬಿಸಿಲಲ್ಲಿ ನಿಲ್ಲುತ್ತಿತ್ತು.

ಕೆಂಪು ಕೋಟಿನ ಇಂಗ್ಲಿಷ್ ಸಿಪಾಯಿಗಳು ಡಬ್ಬಿಗಟ್ಟಲೆ ಸಿಗುತ್ತಾರೆ. ಕಿತ್ತೂರಿನವರ ಡಬ್ಬಿಯನ್ನು ಯಾರು ಮಾಡುತ್ತಾರೆ? ಬೈಲಹೊಂಗಲದಲ್ಲಿ ಹುಟ್ಟಿದ ಇರಣ್ಣನೇ ಯಾವ್ಯಾವುದೋ ದೇಶದ ಸೈನಿಕರ ಟೋಪಿ ಕೆತ್ತಿ ತೆಗೆದು, ಹಲ್ಲು ತುಂಬುವ ಸಿಮೆಂಟಿನಿಂದ ರುಮಾಲು ಸುತ್ತುತ್ತಿದ್ದರು. ಒಂದು ಸುತ್ತು ತಪ್ಪಿದರೂ ಕಿತ್ತು ಮತ್ತೆ ಮಾಡುವ ಮನುಷ್ಯ. ಒಮ್ಮೆ ನಾನು ಬಗ್ಗಿ ನೋಡುವಾಗ ಬಾಯಿಂದ ಚುರುಮುರಿಯ ಚೂರು ಯುದ್ಧಭೂಮಿಗೆ ಬಿತ್ತೆಂದು ವಾರಗಟ್ಟಲೆ ನನ್ನೊಡನೆ ಮಾತು ಬಿಟ್ಟಿದ್ದರು.

ಹೆಂಡತಿ ಸುಚೇತಾ ಇದನ್ನೆಲ್ಲ ‘ಆಟಿಕೆ’ ಎನ್ನುತ್ತಿದ್ದರು. ಇರಣ್ಣನಿಗೆ ಅದು ನೋಯುತ್ತಿತ್ತು. ಅಕ್ಟೋಬರಿನಲ್ಲಿ ಆಸ್ಟಿನ್‌ನಲ್ಲಿ ಇಂಥ ಮಾದರಿಗಳ ಸ್ಪರ್ಧೆ ಇತ್ತು. ಬಲ್ಲವರು ಒಂದು ಸಲ ನೋಡಿ ಭೇಷ್ ಎಂದು ಬಹುಮಾನ ಕೊಟ್ಟರೆ ಸಾಕು ಎಂಬುದೊಂದೇ ಅವರ ಆಸೆ.

ಆ ವರ್ಷ, ಅಂದರೆ ೨೦೧೫ರಲ್ಲಿ, ಮೈಸೂರಿನಿಂದ ಸುಚೇತಾರ ತಾಯಿ ಶಾರದಮ್ಮ ಬಂದಿದ್ದರು. ಮಗಳು ಈ ದೇಶಕ್ಕೆ ಬಂದ ಮೇಲೆ ಬಿಟ್ಟಿದ್ದ ಗೊಂಬೆ ಹಬ್ಬವನ್ನು ಅವರು ಮತ್ತೆ ಶುರುಮಾಡಿದರು. ಪಟ್ಟದ ಗೊಂಬೆ ಮೇಲೆ ಕೂತಿತು, ಕೆಳಗಿನ ಮೆಟ್ಟಿಲು ಖಾಲಿ ಉಳಿಯಿತು.

“ಇರಣ್ಣನವರೇ, ನಿಮ್ಮ ಗೊಂಬೆಗಳನ್ನೂ ತಂದಿಡಿ” ಎಂದರು ಶಾರದಮ್ಮ.

ಇರಣ್ಣ ಹಿಗ್ಗಿ ಹೀರೇಕಾಯಿಯಾದರು. ತಾವೇ ಹಲಗೆ ಹೊತ್ತು ತಂದು ಮೆಟ್ಟಿಲ ಮೇಲಿಟ್ಟರು. ಆರತಿಯೂ ಆಯಿತು. ಆಮೇಲೆ, “ಶನಿವಾರ ಮುಂಜಾನೆ ತಗೊಂಡು ಹೋಗ್ತೀನಿ, ಆಸ್ಟಿನ್‌ನಾಗ ಸ್ಪರ್ಧೆ ಅದ” ಎಂದರು.

ಸುಚೇತಾ ಹಣೆ ಚಚ್ಚಿಕೊಂಡರು. “ಮೆಟ್ಟಿಲು ಹತ್ತಿದ ಗೊಂಬೇನ ಹಬ್ಬದ ಮಧ್ಯೆ ತೆಗೀತಾರೇನ್ರೀ? ವಿಜಯದಶಮಿ ರಾತ್ರಿ ಮಲಗಿಸಿ, ಆಮೇಲೇ ಎತ್ತೋದು.”

ಇರಣ್ಣನ ಹುಟ್ಟೂರಿನಲ್ಲಿ ನವರಾತ್ರಿಗೆ ಘಟ ಕೂರಿಸುತ್ತಿದ್ದರೇ ಹೊರತು ಗೊಂಬೆಯಲ್ಲ. ಪಾಪ, ಈ ನಿಯಮ ಅವರಿಗೆ ಹೇಗೆ ಗೊತ್ತಿರಬೇಕು? ಅತ್ತೆಯ ಮುಂದೆ ಹಲಗೆ ಎತ್ತುವಂತಿಲ್ಲ, ಬಿಡಲು ಮನಸ್ಸಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರಂತೆ ದಿನ ದೂಡಿದರು.

ಶುಕ್ರವಾರ ಸಂಜೆ ನಾನು ಹೋದಾಗ ಅವರು ಮೆಟ್ಟಿಲ ಮುಂದೆ ಕೂತಿದ್ದರು. ಶಾರದಮ್ಮ ಕನ್ನಡಕ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು.

“ಈ ಹುಡುಗ ಯಾಕೆ ಮಲಗಿದಾನೆ?”

“ಗುಂಡು ಬಡದು ಸತ್ತಾನ್ರಿ.”

“ಇವನು?”

“ಇವನೂ ಅಷ್ಟ ರೀ.”

ಶಾರದಮ್ಮ ಬಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ಕೆಂಪು ಕೋಟಿನವರನ್ನೂ ಬಿಡಲಿಲ್ಲ. “ಮಲಗಿಸಿದ ಗೊಂಬೇನ ಎತ್ತಬಹುದು. ಇವರು ಆಗಲೇ ಮಲಗಿದಾರೆ. ನಾಳೆ ಕರ್ಕೊಂಡು ಹೋಗಿ” ಎಂದು ತಟ್ಟೆಯಿಂದ ಅಕ್ಷತೆ ತೆಗೆದು ಆ ಸತ್ತವರ ಮೇಲೆ ಹಾಕಿದರು. “ಯಾರ ಮಕ್ಕಳೋ ಏನೋ.”

“ಅಮ್ಮ, ಮಲಗಿರೋದು ಮೊದಲ ದಿನ ಕಾಣಲಿಲ್ವಾ?” ಎಂದರು ಸುಚೇತಾ.

“ಕಂಡಿತ್ತು. ಕೇಳಲಿ ಅಂತ ಸುಮ್ಮನಿದ್ದೆ. ನಿನ್ನ ಗಂಡ ಬಾಯೇ ಬಿಡಲಿಲ್ಲ.”

ಮರುದಿನ ನನ್ನ ವ್ಯಾನಿನಲ್ಲೇ ಹೊರಟೆವು. ಆಸ್ಟಿನ್ ತಲುಪುವವರೆಗೂ ಇರಣ್ಣ ಹಲಗೆಯನ್ನು ತೊಡೆಯಿಂದ ಇಳಿಸಲಿಲ್ಲ. ಸಭಾಂಗಣದ ಬಿಳಿ ದೀಪದಡಿ ನೋಡಿದರೆ ಹಳದಿ ಅಕ್ಕಿಕಾಳುಗಳು ಎದ್ದು ಕಾಣುತ್ತಿವೆ. ಒಂದೊಂದು ಕಾಳೂ ಸೈನಿಕನ ತಲೆಗಿಂತ ದೊಡ್ಡದು. ನನಗೆ ಚುರುಮುರಿಯ ನೆನಪಾಯಿತು.

ಇರಣ್ಣ ಜೇಬಿನಿಂದ ಚಿಮಟ ತೆಗೆದು ಬಗ್ಗಿದರು. ಬಿದ್ದ ಸಿಪಾಯಿಯೊಬ್ಬನ ಎದೆಯ ಮೇಲಿದ್ದ ಕಾಳನ್ನು ಹಿಡಿದರು. ಮತ್ತೆ ಮೆಲ್ಲಗೆ ಅಲ್ಲೇ ಬಿಟ್ಟರು.

“ತೆಗೀರಿ, ಬಹುಮಾನ ಹೋಗತ್ತೆ” ಎಂದೆ.

“ಹೋಗ್ಲಿ ಬಿಡ್ರಿ. ಮೂರು ವರ್ಷ ನಾ ಇವರ ರುಮಾಲಷ್ಟ ನೋಡೀನಿ. ಯಾರ ಮಕ್ಕಳು ಅಂತ ನನಗ ಒಮ್ಮೆನೂ ಅನ್ಸಿದ್ದಿಲ್ಲ.”

ತೀರ್ಪುಗಾರರು ರುಮಾಲುಗಳನ್ನು ಬಾಯ್ತುಂಬ ಹೊಗಳಿದರು. ಆದರೆ ಬಿದ್ದವರ ಮೇಲಿನ ಆ ‘ಹಳದಿ ಕಲ್ಲು’ಗಳ ಅಳತೆ ತಪ್ಪಿದೆ ಎಂದು ಬಹುಮಾನ ಬೇರೆಯವರಿಗೆ ಕೊಟ್ಟರು. ಇರಣ್ಣ ಹಲಗೆಯನ್ನು ಜೋಪಾನವಾಗಿ ಎತ್ತಿಕೊಂಡರು.

ಸಂಜೆ ಮನೆಗೆ ಬಂದರೆ ಕೆಳಗಿನ ಮೆಟ್ಟಿಲಲ್ಲಿ ರಂಗೋಲಿ ಹಾಕಿ ಜಾಗ ಬಿಟ್ಟಿದ್ದರು.

“ಬಹುಮಾನ ಬಂತೇ?” ಎಂದರು ಶಾರದಮ್ಮ.

“ಇಲ್ರಿ ಅತ್ತಿ. ಅಕ್ಷತಾ ಮಾತ್ರ ಒಂದು ಕಾಳೂ ಬಿದ್ದಿಲ್ಲ.”

ಬಹುಮಾನ ಯಾಕೆ ಬರಲಿಲ್ಲವೆಂದು ನಾನು ಹೇಳಿಬಿಟ್ಟೆ. ನನ್ನ ಬಾಯಿ ನಿಲ್ಲುವುದಿಲ್ಲ. ಸುಚೇತಾ ಕೇಳಿಸಿಕೊಂಡು ಗಂಡನನ್ನೇ ನೋಡಿದರು. ಆಮೇಲೆ ಬಂದು ಹಲಗೆಯ ಇನ್ನೊಂದು ತುದಿ ಹಿಡಿದರು.

“ನಿಧಾನ ರೀ” ಎಂದರು, “ಆ ಹುಡುಗನ ಮೇಲಿನ ಕಾಳು ಜಾರೀತು.”