ಕ್ಯಾಸೆಟ್ಟಿನೊಳಗಿನ ಬೀಗ

ದೊಡ್ಡಬಳ್ಳಾಪುರದ ಯೋಗಾನಂದನ ಕಥೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ನೇಕಾರರ ಮನೆಯಲ್ಲಿ ಹುಟ್ಟಿಯೂ ಮಗ್ಗವೆಂದರೆ ಮೂಗು ಮುರಿಯುತ್ತಿದ್ದ ಆಸಾಮಿ. ಅಪ್ಪ ಬಿಟ್ಟುಹೋದ ಪವರ್‌ಲೂಮ್ ಮಾರಿ ಎರಡು ವಿಸಿಆರ್ ತಂದ. ಒಂದರಲ್ಲಿ ಸಿನಿಮಾ ಕ್ಯಾಸೆಟ್ಟು ಓಡಿಸಿ, ಇನ್ನೊಂದರಲ್ಲಿ ನಕಲು ತೆಗೆದು, ಆ ನಕಲನ್ನು ಬಾಡಿಗೆಗೆ ಕೊಡುವುದು ಅವನ ಕಸುಬು. ಸಿಕ್ಕಿಬಿದ್ದರೆ ಜೈಲು ಎಂದು ಗೊತ್ತಿತ್ತು. ಪೊಲೀಸ್ ಜೀಪಿನ ಸದ್ದಾದರೆ ಬಾಗಿಲು ಹಾಕಿಕೊಳ್ಳುತ್ತಿದ್ದ.

ತೊಂಬತ್ತಮೂರರಲ್ಲಿ ಬೆಂಗಳೂರಿನಿಂದ ಒಂದು ವಿದೇಶಿ ಹೊಡೆದಾಟದ ಕ್ಯಾಸೆಟ್ಟು ತಂದ. ಅಸಲಿನಲ್ಲಿ ಚಿತ್ರ ಚೆನ್ನಾಗಿಯೇ ಇತ್ತು. ನಕಲಿನಲ್ಲಿ ಮಾತ್ರ ಒಮ್ಮೆ ಕಣ್ಣು ಕುಕ್ಕುವ ಬೆಳಕು, ಮರುಗಳಿಗೆ ಕತ್ತಲು. ನಮ್ಮೂರಲ್ಲಿ ಟಿವಿ ಮಂಕಾದರೆ ಬೈಗುಳವೆಲ್ಲ ಮಗ್ಗಗಳಿಗೆ. ಅವು ಶುರುವಾದರೆ ವೋಲ್ಟೇಜು ಬೀಳುತ್ತದಲ್ಲ! ಯೋಗಾನಂದನೂ ಪಕ್ಕದ ಶೆಡ್ಡಿನ ಸಂಜೀವಪ್ಪನವರ ಬಳಿ ಹೋದ. ಅವನ ಅಪ್ಪನ ಸ್ನೇಹಿತರು ಅವರು.

"ದೊಡ್ಡಪ್ಪ, ಮಧ್ಯಾಹ್ನ ಸ್ವಲ್ಪ ಹೊತ್ತು ಮಗ್ಗ ನಿಲ್ಲಿಸ್ತೀರಾ?"

ಪಾಪ, ನಿಲ್ಲಿಸಿದರು. ನಕಲು ಮಾತ್ರ ಹಾಗೇ ಬಂತು.

ಯೋಗಾನಂದನ ತಲೆ ಕೆಟ್ಟಿತು. ನಡುಬೀದಿಯಲ್ಲಿ ನಿಂತು ಕೂಗಾಡಿದ. "ಕದ್ದು ಮಗ್ಗ ಓಡ್ಸಿದೀರಾ! ನಾನ್ ಕಾಪಿ ಮಾಡೋ ಕ್ಯಾಸೆಟ್ಟೆಲ್ಲಾ ಹಾಳಾಗ್ತಿದೆ. ಹೊಟ್ಟೆಕಿಚ್ಚಾ ನಿಮ್ಗೆ?"

ಸಂಜೀವಪ್ಪ ಶೆಡ್ಡಿನೊಳಗೆ ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಯೋಗಾನಂದ ಮಹಾಶಯನಿಗೆ ಹೊಳೆಯಲೇ ಇಲ್ಲ.

ಟಿವಿ ರಿಪೇರಿಯ ಪಿಳ್ಳಣ್ಣ ಆ ನಕಲು ನೋಡಿ ದನಿ ತಗ್ಗಿಸಿದ. "ಇದು ಕರೆಂಟಲ್ಲ ಗುರು. ಕಾಪಿ ಮಾಡ್ಬಾರ್ದು ಅಂತ ಕಂಪನಿಯವ್ರೇ ಟೇಪಿನೊಳಗೆ ಬೀಗ ಇಟ್ಟವ್ರೆ. ಬರೀ ನೋಡಿದ್ರೆ ಏನೂ ಆಗಲ್ಲ. ಇನ್ನೊಂದು ವಿಸಿಆರ್‌ಗೆ ತುಂಬ್ಸೋಕೆ ಹೋದ್ರೆ ಆ ಮಿಷನ್ನಿಗೆ ಬೆಳಕಿನ ಅಂದಾಜು ತಪ್ಪಿಸ್ತದೆ. ಇದನ್ನ ಯಾರಿಗಾದ್ರೂ ಕೊಟ್ಟಿದೀಯಾ?"

ಕೊಟ್ಟಿದ್ದ. ಇದು ಕಳ್ಳಮಾಲು ಎಂದು ಚಿತ್ರವೇ ಮನೆಮನೆಯಲ್ಲಿ ಸಾರುತ್ತಿತ್ತು. ಸಾಲದ್ದಕ್ಕೆ ತಾನೂ ಬೀದಿಯಲ್ಲಿ ಸಾರಿದ್ದ.

ಅಂದಿನಿಂದ ಜೈಲಿನದೇ ಚಿಂತೆ. ನೆಲಮಂಗಲದಲ್ಲಿ ಇಂಥವನೊಬ್ಬನಿಗೆ ಕೋಳ ತೊಡಿಸಿದರಂತೆ ಎಂಬ ಸುದ್ದಿ ಬೇರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಹಾಲಿನ ಮುನಿರತ್ನಮ್ಮ ಬಾಗಿಲು ತಟ್ಟಿದರೂ ಬೆವರುತ್ತಿದ್ದ. ತನ್ನಿಂದ ಬೈಸಿಕೊಂಡ ಸಂಜೀವಪ್ಪನವರೇ ದೂರು ಕೊಟ್ಟಾರೆಂಬ ಭಯ ಎಲ್ಲಕ್ಕಿಂತ ಹೆಚ್ಚಾಗಿತ್ತು.

ಒಂದು ಬೆಳಿಗ್ಗೆ ಜೀಪು ಬಂದೇ ಬಂತು. ಹಿತ್ತಲ ಗೋಡೆ ಹಾರಿದ ಯೋಗಾನಂದನಿಗೆ ತೆರೆದಿದ್ದದ್ದು ಸಂಜೀವಪ್ಪನವರ ಶೆಡ್ಡಿನ ಬಾಗಿಲೊಂದೇ. ನುಗ್ಗಿದ. ಅವರು ಎದುರಿಗೇ ನಿಂತಿದ್ದರು. ಹಿಡಿದುಕೊಟ್ಟರೂ ತಪ್ಪಿಲ್ಲ ಎಂದು ಅವನಿಗೇ ಅನಿಸಿತು. ಸಂಜೀವಪ್ಪ ಉಳಿದ ಕೆಲಸದವರ ಹಾಗೆ ಅವನ ಅಂಗಿ ಬಿಚ್ಚಿಸಿ, ಒಂದು ಮಗ್ಗದ ಮುಂದೆ ತಳ್ಳಿ, ಸ್ವಿಚ್ಚು ಒತ್ತಿದರು.

ಪೇದೆ ಬಾಗಿಲಿಗೆ ಬಂದ. "ಯೋಗಾನಂದ ಅನ್ನೋನು ಈ ಕಡೆ ಬಂದ್ನಾ?"

"ಇಲ್ಲ ಸ್ವಾಮಿ. ಇಲ್ಲಿರೋರೆಲ್ಲ ನಮ್ಮ ಕೆಲಸದವ್ರು," ಎಂದರು ಸಂಜೀವಪ್ಪ.

ಪೇದೆ ಹೋಗಲಿಲ್ಲ. ಯೋಗಾನಂದನ ಕೈಯನ್ನೇ ನೋಡುತ್ತ ನಿಂತ. ಅದೇ ಹೊತ್ತಿಗೆ ನೂಲು ಹರಿದು ಮಗ್ಗ ನಿಲ್ಲಬೇಕೆ! ಎಳೆ ಹುಡುಕಿ ಗಂಟು ಹಾಕಿದ; ಚಿಕ್ಕಂದಿನಲ್ಲಿ ಅಪ್ಪ ಹೊಡೆದು ಕಲಿಸಿದ ಗಂಟು. ಮಗ್ಗ ಮತ್ತೆ ಹೊರಟಿತು. ಪೇದೆ ತಿರುಗಿ ನಡೆದ.

ಬಾಗಿಲಿನಾಚೆ ಎರಡೂ ವಿಸಿಆರ್‌ಗಳನ್ನು ಜೀಪಿಗೆ ತುಂಬುತ್ತಿದ್ದರು. ಯೋಗಾನಂದನ ಕಣ್ಣು ಅತ್ತ ಹೋಯಿತು.

"ಆ ಕಡೆ ನೋಡ್ಬೇಡ ಕಣೋ," ಸಂಜೀವಪ್ಪ ಅವನ ಕಿವಿಗೆ ಬಾಯಿಟ್ಟು ಹೇಳಿದರು. "ಅಳೋದಾದ್ರೆ ನೂಲು ನೋಡ್ಕೊಂಡು ಅಳು."

ಅವನು ನೂಲು ನೋಡಿದ.