ಇದ್ದಿಲಿಗೆ ಹಾಕಿದ ತೀರ್ಥ

ಈ ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕುಳಿತಿದ್ದೆ. ಒಲೆಯಲ್ಲಿ ಉರಿಯಿಲ್ಲ, ಬರೀ ಹೊಗೆ. ಹೊಸದಾಗಿ ಬಂದ ಸೊಸೆ ಸಗಣಿಯ ಹಸಿ ಕುಳ್ಳು ಒಟ್ಟಿದ್ದಳು. ಬೈಯಲೆಂದು ಬಾಯಿ ತೆರೆದೆ; ಆ ಹೊಗೆಯ ವಾಸನೆಯೇ ಬಾಯಿ ಮುಚ್ಚಿಸಿತು. ಯಾಕೆಂದು ಹೇಳುತ್ತೇನೆ, ಕೇಳಿ.

ನರಗುಂದದ ದಂಗೆಗೆ ಎರಡು ಮೂರು ವರ್ಷ ಮುಂಚಿನ ಮಾತು. ಅಬ್ಬಿಗೇರಿಯಿಂದ ಗಜೇಂದ್ರಗಡಕ್ಕೆ ಸೊಸೆಯಾಗಿ ಬಂದಿದ್ದೆ. ಗುಡ್ಡದ ಕೆಳಗೆ ಮಾವನವರ ಕಬ್ಬಿಣದ ಭಟ್ಟಿ, ಆಳೆತ್ತರದ ಮಣ್ಣಿನ ಗೂಡು. ಮೇಲಿನಿಂದ ಇದ್ದಿಲು, ಕಬ್ಬಿಣದ ಕಲ್ಲಿನ ಪುಡಿ ಸುರಿಯುತ್ತ, ಕೆಳಗೆ ತಿದಿ ಒತ್ತಿ ಗಾಳಿ ಊದಬೇಕು. ಸಂಜೆಗೆ ಬುಡದಲ್ಲಿ ಕಬ್ಬಿಣದ ಮುದ್ದೆ ಕೂಡುತ್ತಿತ್ತು. ತಿದಿ ಒತ್ತುವವನು ಭರಮಜ್ಜ. ಆ ತಿದಿ ಬಿಟ್ಟರೆ ಅವನಿಗೆ ಬೇರೆ ಅನ್ನವಿರಲಿಲ್ಲ.

ನಮ್ಮ ತವರು ಎರೆಹೊಲದ ಊರು. ಬೀಜದ ಬುಟ್ಟಿಗೆ ತೀರ್ಥ ಚಿಮುಕಿಸದೆ ಅವ್ವ ಕೂರಿಗೆ ಹೂಡಗೊಡುತ್ತಿರಲಿಲ್ಲ. ಎರೆಹೊಲದವರಿಗೆ ನೀರೆಂದರೆ ದೇವರ ದಯೆ. ಎಲ್ಲಿ ಬಿದ್ದರೂ ಒಳ್ಳೆಯದೇ. ಭಟ್ಟಿಗೂ ಹಾಗೇ ಅಂದುಕೊಂಡೆ. ನಸುಕಿನಲ್ಲಿ ಯಾರಿಗೂ ಹೇಳದೆ ಹೋಗಿ ಇದ್ದಿಲ ಬುಟ್ಟಿಗೊಂದು ತಂಬಿಗೆಯಂತೆ ತೀರ್ಥ ಹಾಕಿದೆ. ನಾಲ್ಕು ಹನಿ ಸಾಕಿತ್ತು. ಭಕ್ತಿಯಲ್ಲಿ ನನ್ನ ಕೈ ಸ್ವಲ್ಪ ದೊಡ್ಡದು. ಇದ್ದಿಲು ಕುಡಿದ ನೀರು ಕಣ್ಣಿಗೆ ಕಾಣುವುದೂ ಇಲ್ಲ. ಅಂದು ಮುದ್ದೆ ಕೂಡಲಿಲ್ಲ, ಬರೀ ಕಸದಂಥ ಕಿಟ್ಟ. ದೇವರಿಗೆ ಸಾಲದಾಯಿತೆಂದು ಮರುದಿನ ಎರಡೆರಡು ತಂಬಿಗೆ ಹಾಕಿದೆ.

ಆ ಸಂಜೆಯೂ ರೊಟ್ಟಿ ಬಡಿಯುತ್ತಿದ್ದೆ. ನಾದಿನಿ ಓಡಿ ಬಂದಳು.

“ವೈನಿ, ಇವತ್ತೂ ಭಟ್ಟಿ ಕೆಟ್ಟೈತಿ. ಭರಮಜ್ಜನ ಕೈಯಾಗ ಕಸುವಿಲ್ಲ, ನಾಳಿಂದ ಬರೂದ ಬ್ಯಾಡ ಅಂತ ಅಪ್ಪ ಹೇಳಾಕತ್ತಾನ.”

ಹೆಂಚಿನ ಮೇಲಿನ ರೊಟ್ಟಿ ಉಬ್ಬದೆ ಬೆಳ್ಳಗೆ ಬಿದ್ದಿತ್ತು. ಕೆಳಗೆ ಹಸಿ ಕುಳ್ಳು ಸುಂಯ್‌ಗುಡುತ್ತಿತ್ತು. ತನ್ನ ನೀರು ಆರಿಸಿಕೊಳ್ಳುವುದರಲ್ಲೇ ಅದರ ಬಿಸಿಯೆಲ್ಲ ತೀರುತ್ತಿತ್ತು, ರೊಟ್ಟಿಗೆ ಉಳಿಯುವುದೇನು? ನೋಡುತ್ತಿದ್ದಂತೆ ನನ್ನ ತಂಬಿಗೆ ನೆನಪಾಯಿತು.

ಸೆರಗು ಹೊದ್ದು ಭಟ್ಟಿಗೆ ಹೋದೆ. ಭರಮಜ್ಜ ಕಂಬಳಿ ಹೆಗಲಿಗೇರಿಸಿ ಹೊರಟು ನಿಂತಿದ್ದ.

“ಮಾವಾರ, ಅಜ್ಜಂದು ತಪ್ಪಿಲ್ರಿ. ಇದ್ದಿಲಿಗೆ ನಾನ ನೀರ ಹಾಕೀನ್ರಿ.”

“ನೀರ?”

“ತೀರ್ಥರಿ.”

ಮಾವನವರು ಉಳಿದಿದ್ದ ಬುಟ್ಟಿಯೊಂದರ ತಳದವರೆಗೆ ಕೈ ಇಳಿಸಿದರು. ಹೊರಬಂದ ಅಂಗೈ ಒದ್ದೆ. ಅದನ್ನು ಕಂಡು ಭರಮಜ್ಜನೇ ಮೊದಲು ನಕ್ಕ.

“ಎರಡ ದಿನ ಕೆರಿಗೆ ಗಾಳಿ ಊದೀನಲ್ಲೋ. ಮೀನರ ಸಿಗಬೇಕಿತ್ತು.”

“ಕಂಬಳಿ ಕೆಳಗ ಇಡು, ಭರಮಣ್ಣ. ನಾಳಿ ಇದ್ದಿಲ ಬಿಸಲಿಗೆ ಹರವೂದೈತಿ,” ಎಂದರು ಮಾವನವರು. ಆಮೇಲೆ ನನ್ನ ಕಡೆ ನೋಡದೆ, “ತೀರ್ಥಾ ಭಟ್ಟಿ ಮುಂದಿನ ದೇವರ ಕಲ್ಲಿಗೆ ಹಾಕವಾ. ಅದು ಎಷ್ಟರ ಕುಡೀಲಿ.”

ಎರಡು ದಿನ ಒಣಗಿಸಿ ಹಚ್ಚಿದ ಭಟ್ಟಿಯಲ್ಲಿ ಮುದ್ದೆ ಕೂಡಿತು, ಅದೇ ಮುದುಕನ ಕೈಯಿಂದ. ಅವನ ಅನ್ನ ಉಳಿದದ್ದನ್ನೂ ನನಗೆ ಬೈಗುಳ ಬೀಳದ್ದನ್ನೂ ಇಂದಿಗೂ ದೇವರ ಮುಂದೆ ನೆನೆಯುತ್ತೇನೆ.

ಈ ಬೆಳಿಗ್ಗೆ ಒಲೆಯ ಮುಂದೆ ನನ್ನ ಸೊಸೆ ಕಣ್ಣೊರೆಸುತ್ತ ನಿಂತಿದ್ದಳು. ಹೊಗೆಗೋ ಹೆದರಿಕೆಗೋ.

“ಸ್ವಾಮಾರ, ಶಿವನ ವಾರ ಅಂತ ಅಂಗಳಾ ತೊಳದ್ನಿರಿ ಅತ್ತಿ. ನೀರ ಕುಳ್ಳಿನ ತನಕಾ ಹೋಗಿತ್ತು.”

“ಇರಲಿ, ಬಾ. ಬಿಸಲ ಬಂದೈತಿ,” ಎಂದೆ. ಕುಳ್ಳಿನ ಬುಟ್ಟಿಯ ಒಂದು ಕಡೆ ಅವಳು, ಒಂದು ಕಡೆ ನಾನು ಹಿಡಿದು ಹೊರಗೆ ತಂದು, ಕುಳ್ಳುಗಳನ್ನು ಒಂದೊಂದಾಗಿ ಬಿಸಿಲಿಗೆ ಹರವತೊಡಗಿದೆವು.